ಗ್ರೈಂಡರ್ ಎಲ್ಲಿಡುವುದು?

ಬೆಂಗಳೂರಿನ ಎರಡು ಮಲಗುವ ಕೋಣೆಗಳ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ದಕ್ಕುವುದು ಉಳಿದ ಕೋಣೆಗಳಿಗೆಲ್ಲ ಹಂಚಿ ಮಿಕ್ಕ ಜಾಗ. ಊಟಕ್ಕೆ ಬೇರೆ ಸ್ಥಳವಿರುವ ಮನೆಯಲ್ಲಿ ಅಡುಗೆಮನೆಯ ವಿಸ್ತೀರ್ಣ 5 ಚದರ ಮೀಟರಿಗೂ ಅಗಲ 1.8 ಮೀಟರಿಗೂ ಕಡಿಮೆಯಾಗಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಐದು ಚದರ ಮೀಟರ್ ಎಂದರೆ ಸುಮಾರು 54 ಚದರ ಅಡಿ. ನಮ್ಮ ಅಡುಗೆಮನೆ ಏಳಡಿ ಅಗಲ, ಎಂಟಡಿ ಉದ್ದ. ಆದ್ದರಿಂದ ನಿಯಮದ ಪ್ರಕಾರ ನಾವು ದೂರುವಂತಿಲ್ಲ. ಆದರೆ ಆ ಲೆಕ್ಕದಲ್ಲಿ ಒಲೆ, ಸಿಂಕ್ ಮತ್ತು ಅಡುಗೆ ಮಾಡುವವರೊಬ್ಬರು ಸೇರಿದ್ದಿರಬಹುದೇ ಹೊರತು ವೆಟ್ ಗ್ರೈಂಡರ್, ಮಿಕ್ಸಿ, ಮೈಕ್ರೋವೇವ್, ಓಟಿಜಿ (ಬೇಕ್, ಟೋಸ್ಟ್, ಗ್ರಿಲ್ ಮೂರೂ ಮಾಡುವ ಸಣ್ಣ ವಿದ್ಯುತ್ ಓವನ್), ಇಂಡಕ್ಷನ್ ಒಲೆ, ನೀರಿನ ಫಿಲ್ಟರ್ ಮತ್ತು ಹೋದ ವರ್ಷ ಉಡುಗೊರೆಯಾಗಿ ಬಂದ ಏರ್ ಫ್ರೈಯರ್ ಸೇರಿರಲಾರವು.

ಇಂಥ ಅಡುಗೆಮನೆಯನ್ನು ಒಪ್ಪವಾಗಿಡುವ ಬಗ್ಗೆ ಸಿಗುವ ಸಲಹೆಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯಿಂದ ಹೊರಡುತ್ತವೆ: ಈ ವಸ್ತು ಎಷ್ಟು ಜಾಗ ಹಿಡಿಯುತ್ತದೆ? ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು ಅದರ ತೂಕವೆಷ್ಟು, ವಾರಕ್ಕೆ ಎಷ್ಟು ಸಲ ಬೇಕಾಗುತ್ತದೆ, ಅದಕ್ಕೆ ಹತ್ತಿರದಲ್ಲಿ ನೀರು ಬೇಕೋ ಗಾಳಿ ಬೇಕೋ, ಯಾವ ಸಾಕೆಟ್ ಬೇಕು ಎಂಬುದನ್ನು. ಇವಿಷ್ಟಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲುಪಾಲು ವಸ್ತುಗಳ ಜಾಗ ತಾನಾಗಿ ಗೊತ್ತಾಗುತ್ತದೆ, ಮತ್ತು ಹಲವು ಸಲ ಅದು ನೋಡಲು ಚೆನ್ನಾಗಿ ಕಾಣುವ ಜಾಗವಾಗಿರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಗ್ರೈಂಡರ್. ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಕಲ್ಲುಗಳ ಸಮೇತ ಹತ್ತು ಕಿಲೋ ದಾಟುತ್ತದೆ. ಮೈಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಡ್ರಮ್ಮನ್ನು ತೆಳು ಸ್ಟೀಲಿನಲ್ಲಿ ಮಾಡಿ ಎಷ್ಟು ಹಗುರಗೊಳಿಸಿದರೂ ಹಿಟ್ಟು ನುಣ್ಣಗಾಗಬೇಕಾದರೆ ಗ್ರಾನೈಟ್ ಕಲ್ಲು ಗ್ರಾನೈಟ್ ಕಲ್ಲಾಗಿಯೇ ಇರಬೇಕಾಗುತ್ತದೆ. ಹಳೆಯ ಮನೆಗಳಲ್ಲಿ ಒರಳುಕಲ್ಲನ್ನು ನೆಲದಲ್ಲೇ ಹೂತಿರುತ್ತಿದ್ದರು. ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ರುಬ್ಬುವವರು ಅದಿದ್ದಲ್ಲಿಗೆ ಹೋಗಿ ಕೂರುತ್ತಿದ್ದರು. ನಾವು ಆ ಕಲ್ಲಿಗೆ ಮೋಟಾರು ಕೂಡಿಸಿದ ಮೇಲೆ ಅದನ್ನು ಎತ್ತಿಡಬಹುದಾದ ವಸ್ತು ಎಂದುಕೊಂಡಿದ್ದೇವೆ.

ಫ್ಲ್ಯಾಟುಗಳಲ್ಲಿ ಎತ್ತಿಡುವುದೆಂದರೆ ಸಜ್ಜದ ಮೇಲಿಡುವುದು. ಸಜ್ಜ ನೆಲದಿಂದ ಸುಮಾರು ಏಳಡಿ ಎತ್ತರದಲ್ಲಿರುತ್ತದೆ. ಅಲ್ಲಿಂದ ಹತ್ತು ಕಿಲೋ ತೂಕವನ್ನು, ಅದೂ ಒಳಗೆ ಕಲ್ಲುಗಳು ಸರಿದಾಡುವ ತೂಕವನ್ನು, ಸ್ಟೂಲಿನ ಮೇಲೆ ನಿಂತು ತಲೆಯ ಮಟ್ಟದಿಂದ ಇಳಿಸುವುದು ಯಾವ ವಯಸ್ಸಿನವರಿಗೂ ಒಳ್ಳೆಯದಲ್ಲ. ನಮ್ಮ ಸಜ್ಜದಲ್ಲಿ ಜಾಗ ಖಾಲಿ ಇರುವುದನ್ನು ನೋಡಿ ಒಬ್ಬರು ಹಾಗೆ ಸೂಚಿಸಿದಾಗ, ತಿಪಟೂರಿನಿಂದ ಬಂದಿದ್ದ ಅಮ್ಮ ಅಲ್ಲೇ ಕೂತಿದ್ದವರು, “ಅಲ್ಲಿಟ್ರೆ ಇನ್ನು ದೋಸೆ ಹಿಟ್ಟು ಅಂಗಡಿಯಿಂದಲೇ ತರ್ತೀಯ ಬಿಡು” ಎಂದರು. ನಮ್ಮ ಬೀದಿಯ ಅಂಗಡಿಗಳಲ್ಲಿ ಪೊಟ್ಟಣದ ಹಿಟ್ಟು ಖರ್ಚಾಗುವ ರೀತಿಯನ್ನು ನೋಡಿದರೆ, ಎಷ್ಟು ಮನೆಗಳ ಗ್ರೈಂಡರುಗಳು ಸಜ್ಜ ಹತ್ತಿರಬಹುದೆಂದು ಊಹಿಸಬಹುದು.

ಅಡುಗೆ ಕಟ್ಟೆಯ ಕೆಳಗಿನ ಕಡಪ ಕಲ್ಲಿನ ಅರೆಗಳು ಮುಂದಿನ ಆಯ್ಕೆ. ಇಲ್ಲಿ ತೊಂದರೆ ಕೊಡುವುದು ತೂಕವಲ್ಲ, ಎತ್ತರ. ಎರಡು ಕಲ್ಲುಗಳ ನಡುವೆ ಸಾಮಾನ್ಯವಾಗಿ ಒಂದಡಿ, ಹೆಚ್ಚೆಂದರೆ ಹದಿನೈದು ಅಂಗುಲ ಬಿಟ್ಟಿರುತ್ತಾರೆ. ಗ್ರೈಂಡರನ್ನು ಹೇಗೋ ಒಳಗೆ ತಳ್ಳಬಹುದು, ಆದರೆ ಡ್ರಮ್ಮನ್ನು ಅದರ ತಳದಿಂದ ನೇರವಾಗಿ ಮೇಲಕ್ಕೆತ್ತಿ ತೆಗೆಯಬೇಕಾದ್ದರಿಂದ ಪ್ರತಿ ಸಲವೂ ಇಡೀ ಯಂತ್ರವನ್ನು ಬಗ್ಗಿ ಹೊರಗೆಳೆಯಬೇಕು, ಆಮೇಲೆ ಕಟ್ಟೆಗೆ ಎತ್ತಬೇಕು. ಮೊಣಕಾಲಿನ ಕೆಳಗಿನಿಂದ ಬಗ್ಗಿ ಎತ್ತುವುದೂ ತಲೆಯ ಮೇಲಿನಿಂದ ಇಳಿಸುವುದೂ ಸೊಂಟಕ್ಕೆ ಒಂದೇ ಲೆಕ್ಕ. ಭಾರದ ವಸ್ತು ಏನೇ ಇರಲಿ, ಅದನ್ನು ಮೊಣಕಾಲಿಗೂ ಭುಜಕ್ಕೂ ನಡುವಿನ ಎತ್ತರದಲ್ಲಿಡಬೇಕು. ಹಾಗಿಡಲಾಗದಿದ್ದರೆ ಎತ್ತುವ ಪ್ರಮೇಯವೇ ಬಾರದಂತೆ ನೋಡಿಕೊಳ್ಳಬೇಕು.

ಈ ಹೊತ್ತಿನಲ್ಲಿ ನೆರವಿಗೆ ಬರುವ ಸಂಗತಿಯೊಂದಿದೆ. ಇಷ್ಟು ತೂಗುವ ಈ ಯಂತ್ರ ಬಹಳ ಕಡಿಮೆ ವಿದ್ಯುತ್ ಬಯಸುತ್ತದೆ: ಟೇಬಲ್ ಟಾಪ್ ಗ್ರೈಂಡರಿನ ಮೋಟಾರು ಸಾಮಾನ್ಯವಾಗಿ 150 ವ್ಯಾಟಿನದು. ಆದ್ದರಿಂದ ಅದು ಅಡುಗೆಮನೆಯೊಳಗೇ ಇರಬೇಕೆಂಬ ನಿಯಮವೇನಿಲ್ಲ. ಬಟ್ಟೆ ಒಗೆಯುವ ಯಂತ್ರವಿರುವ ಯುಟಿಲಿಟಿಯಲ್ಲಿ ಒಂದು ಸಣ್ಣ ಸಾಕೆಟ್ಟೂ ನಲ್ಲಿಯೂ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಉದ್ದು, ಅಕ್ಕಿ ಎರಡನ್ನೂ ರುಬ್ಬಿ ಮುಗಿಸಲು ಹಿಡಿಯುವ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡರೆ ಮಾತಾಡಲಿಕ್ಕೂ ಅಡ್ಡಿಯಿಲ್ಲ. ಕಲ್ಲುಗಳನ್ನು ಅಲ್ಲೇ ತೊಳೆದು, ಡ್ರಮ್ಮನ್ನು ಬೋರಲು ಹಾಕಿ, ಚೆನ್ನಾಗಿ ಒಣಗಿದ ಮೇಲೆ ಮತ್ತೆ ಕೂರಿಸಬಹುದು. ನಾವು ಅಲ್ಲಿ ಮೊಣಕಾಲಿಗಿಂತ ತುಸು ಎತ್ತರಕ್ಕೆ ಒಂದು ಗ್ರಾನೈಟ್ ತುಂಡನ್ನು ಗೋಡೆಗೆ ಕೂಡಿಸಿ, ಕೆಳಗೆ ಎರಡು ಇಟ್ಟಿಗೆಗೋಡೆಗಳ ಆಸರೆ ಕೊಟ್ಟು ಕಟ್ಟಿಸಿದೆವು. ಗ್ರೈಂಡರ್ ಅಲ್ಲಿಂದ ಅಲುಗುವುದಿಲ್ಲ. ಎತ್ತಿ ಒಯ್ಯುವುದು ಹಿಟ್ಟನ್ನು ಮಾತ್ರ. ಮಳೆಯ ಇರಚಲು ಬೀಳುವ ಯುಟಿಲಿಟಿಯಾದರೆ ಮುಚ್ಚಲು ದಪ್ಪ ಬಟ್ಟೆಯ ಹೊದಿಕೆ ಬೇಕಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದರೊಳಗೆ ತೇವ ನಿಂತು ಮುಗ್ಗಲು ವಾಸನೆ ಹತ್ತುತ್ತದೆ.

ಯುಟಿಲಿಟಿ ಇಲ್ಲದ ಮನೆಗಳಲ್ಲಿ ಗ್ಯಾಸ್ ಸಿಲಿಂಡರಿಗಾಗಿ ಪಾತ್ರೆ ಅಂಗಡಿಯಲ್ಲಿ ಮಾರುವ ಚಕ್ರದ ಸ್ಟ್ಯಾಂಡಿನ ಮೇಲೆ ಒಂದು ಪ್ಲೈವುಡ್ ಹಲಗೆ ಬಿಗಿದು, ಅದರ ಮೇಲೆ ಗ್ರೈಂಡರ್ ಕೂರಿಸಿ ಮೂಲೆಯಿಂದ ಎಳೆದುಕೊಳ್ಳುವವರನ್ನು ನೋಡಿದ್ದೇನೆ. ತುಂಬಿದ ಸಿಲಿಂಡರಿನ ಸುಮಾರು 30 ಕಿಲೋ ತೂಕ ಹೊರುವ ಸ್ಟ್ಯಾಂಡಿಗೆ ಗ್ರೈಂಡರ್ ಯಾವ ಲೆಕ್ಕ! ಆದರೆ ರುಬ್ಬುವಾಗ ಅದನ್ನು ಚಕ್ರದಿಂದ ಇಳಿಸಿ ನೆಲಕ್ಕೆ ಊರಬೇಕು, ಇಲ್ಲದಿದ್ದರೆ ಅದುರುವಿಕೆಗೆ ಯಂತ್ರ ತಾನೇ ಹೊರಟುಬಿಡುತ್ತದೆ. ಇದೇ ಕಾರಣಕ್ಕೆ ಕಟ್ಟೆಯ ಕೆಳಗೆ ಚಾನೆಲ್ ಹಾಕಿ ಎಳೆಯುವ ಟ್ರೇ ಮಾಡಿಸುವವರು ಅದನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ ಬಳಸಬೇಕು. ಡ್ರಾಯರಿಗೆ ಹಾಕುವ ಮಾಮೂಲಿ ಚಾನೆಲ್ಲಿನ ಮೇಲೆ ಗ್ರೈಂಡರ್ ಓಡಿಸಿದರೆ ಸ್ಕ್ರೂಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ.

ಮೈಕ್ರೋವೇವ್ ಮತ್ತು ಓಟಿಜಿಯ ವಿಷಯದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಇವುಗಳಿಗೆ ನೀರು ಬೇಡ, ದೊಡ್ಡ ಸಾಕೆಟ್ ಬೇಕು. ನಮ್ಮಲ್ಲಿ 230 ವೋಲ್ಟ್. ಸಣ್ಣ ಸಾಕೆಟ್ 6 ಆಂಪಿಯರಿನದು, ಅಂದರೆ ಅದರಿಂದ ಸುರಕ್ಷಿತವಾಗಿ ಎಳೆಯಬಹುದಾದದ್ದು 1380 ವ್ಯಾಟ್. ಮೈಕ್ರೋವೇವಿನ ಮೈಮೇಲೆ ಬರೆದಿರುವ 800 ವ್ಯಾಟ್ ಅದು ಆಹಾರಕ್ಕೆ ಕೊಡುವ ಶಕ್ತಿಯೇ ಹೊರತು ಗೋಡೆಯಿಂದ ಎಳೆಯುವುದಲ್ಲ. ಎಳೆಯುವುದು ಅದಕ್ಕಿಂತ ಸಾಕಷ್ಟು ಹೆಚ್ಚು, ಕನ್ವೆಕ್ಷನ್ ಮಾದರಿಯಾದರೆ 2000 ವ್ಯಾಟಿನ ಆಸುಪಾಸಿಗೂ ಹೋಗುತ್ತದೆ. ಬಿಲ್ಡರುಗಳು ಅಡುಗೆಮನೆಯಲ್ಲಿ ಕೊಟ್ಟಿರುವ 16 ಆಂಪಿಯರಿನ ಸಾಕೆಟ್ ಒಂದೋ ಎರಡೋ ಇರುತ್ತವೆ, ಅವೂ ಫ್ರಿಜ್ಜಿನ ಹಿಂದೆಯೋ ಚಿಮಣಿಯ ಪಕ್ಕದಲ್ಲೋ ಅಡಗಿರುತ್ತವೆ. ಹಾಗಾಗಿ ಓವನ್ನಿನ ಜಾಗವನ್ನು ನಿರ್ಧರಿಸುವವರು ನಾವಲ್ಲ, ಮನೆಗೆ ವೈರಿಂಗ್ ಮಾಡಿದವರು. ಅದರ ಜಾಗ ಬದಲಿಸಬೇಕೆಂದಿದ್ದರೆ ಬಡಗಿಗಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಓಟಿಜಿ ಓಡಿಸುವುದು ಬೇಡವೇ ಬೇಡ. ಪ್ಲಗ್ಗಿನ ಪಿನ್ನುಗಳ ಸುತ್ತ ಕಂದುಬಣ್ಣ ತಿರುಗಿದ ಪ್ಲಾಸ್ಟಿಕ್ ಕಂಡರೆ ಆ ಬಾಕ್ಸ್ ಬೇಯತೊಡಗಿದೆ ಎಂದೇ ಅರ್ಥ.

ಗಾಳಿಯ ವಿಷಯವೂ ಅಷ್ಟೇ ಮುಖ್ಯ. ಮೈಕ್ರೋವೇವಿನ ಮೇಲೆ ಒಂದು ಗೇಣಾದರೂ, ಹಿಂದೆ ನಾಲ್ಕು ಬೆರಳಾದರೂ ಜಾಗ ಬಿಡಬೇಕು. ನಿಖರವಾದ ಅಳತೆ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ, ಕಪಾಟು ಮಾಡಿಸುವ ಮೊದಲು ಆ ಪುಟವನ್ನು ಬಡಗಿಗೆ ತೋರಿಸುವುದು ಒಳ್ಳೆಯದು. ಓಟಿಜಿಯ ಮೈ ಇನ್ನೂ ಹೆಚ್ಚು ಕಾಯುತ್ತದೆ. ನಮ್ಮ ಬಡಗಿ ಕಟ್ಟೆಯ ಒಂದು ಮೂಲೆಯನ್ನು ರೋಲಿಂಗ್ ಶಟರಿನಿಂದ ಮುಚ್ಚಿ ಯಂತ್ರಗಳನ್ನೆಲ್ಲ ಅದರೊಳಗೆ ಸೇರಿಸಿಬಿಡುವ ಯೋಜನೆ ಹಾಕಿದ್ದ. “ನೀಟಾಗಿ ಕಾಣುತ್ತೆ ಮೇಡಂ, ಎಲ್ಲರೂ ಇದನ್ನೇ ಮಾಡಿಸ್ತಿದಾರೆ” ಎಂದು ಅವನ ವಾದ. ಶಟರಿನ ಚೌಕಟ್ಟೂ ಅದು ಸುತ್ತಿಕೊಳ್ಳುವ ಪೆಟ್ಟಿಗೆಯೂ ಸೇರಿ ಇರುವ ಕಟ್ಟೆಯಲ್ಲೇ ಇನ್ನಷ್ಟು ಅಂಗುಲಗಳನ್ನು ನುಂಗುತ್ತವೆ, ಒಳಗೆ ಬಿಸಿಗಾಳಿ ಸಿಕ್ಕಿಕೊಳ್ಳುತ್ತದೆ, ಕತ್ತಲೆ ಮತ್ತು ಬೆಚ್ಚಗಿನ ಜಾಗ ಸಿಕ್ಕ ಜಿರಳೆಗಳು ಸಂಸಾರ ಹೂಡುತ್ತವೆ. ಮಿಕ್ಸಿಯನ್ನು ಒಮ್ಮೆ ಬೋರಲು ಮಾಡಿ, ತಳದ ಗಾಳಿಕಿಂಡಿಗಳೊಳಗೆ ಟಾರ್ಚ್ ಬಿಟ್ಟು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಂಟಿದ ಹಿಟ್ಟಿನ ಪುಡಿ, ಕರಿಯ ಸಾಸಿವೆಯಂಥ ಹಿಕ್ಕೆ, ಕೆಲವೊಮ್ಮೆ ಒಣಗಿದ ಮೊಟ್ಟೆಯ ಚೀಲ. ಯಂತ್ರ ಕಣ್ಣೆದುರಿಗಿದ್ದರೆ ದಿನಕ್ಕೊಮ್ಮೆ ಒರೆಸುವುದಾದರೂ ಆಗುತ್ತದೆ. ಹಾಗಾಗಿ ಶಟರ್ ಬೇಡವೆಂದೆ.

ಓವನ್ನನ್ನು ಫ್ರಿಜ್ಜಿನ ತಲೆಯ ಮೇಲಿಡುವುದು ನಮ್ಮಲ್ಲಿ ಬಹಳ ಪ್ರಚಲಿತ. ಎರಡು ಬಾಗಿಲಿನ ಫ್ರಿಜ್ಜಾದರೆ ಓವನ್ನಿನ ಬಾಗಿಲು ಮುಖದ ಮಟ್ಟಕ್ಕೆ ಬರುತ್ತದೆ. ಕುದಿಯುವ ಸಾರಿನ ಬಟ್ಟಲನ್ನು ಆ ಎತ್ತರದಿಂದ ತೆಗೆಯುವಾಗ ತುಳುಕಿದರೆ ಬೀಳುವುದು ಎದೆಯ ಮೇಲೆ. ಗೋಡೆಗೆ ಬ್ರಾಕೆಟ್ ಹೊಡೆಸುವ ಯೋಚನೆಯಿರುವವರು ಗೋಡೆಯನ್ನು ಮೊದಲು ತಟ್ಟಿ ನೋಡಬೇಕು. ನಾಲ್ಕು ಅಂಗುಲದ ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಮಾಮೂಲಿ ಫಾಸ್ಟನರ್ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಅಂಥದ್ದೇ ಗೋಡೆ ಇದ್ದುದರಿಂದ ಕಿರಾಣಿ ಅಂಗಡಿಗಳಲ್ಲಿರುವಂಥ, ತೂತುಪಟ್ಟಿಗೆ ಬೋಲ್ಟ್ ಬಿಗಿಯುವ ಕಬ್ಬಿಣದ ರ‍್ಯಾಕ್ ತಂದೆವು. ಹನ್ನೆರಡು ಅಂಗುಲ ಆಳದ ರ‍್ಯಾಕ್ ಅಗ್ಗಕ್ಕೆ ಸಿಗುತ್ತದೆ, ಆದರೆ ಓವನ್ನಿನ ಮುಂಗಾಲು ಗಾಳಿಯಲ್ಲಿ ನಿಲ್ಲುತ್ತದೆ. ಹದಿನೆಂಟು ಅಂಗುಲದ್ದನ್ನೇ ತರಬೇಕು. ಓವನ್ ಎದೆಯ ಮಟ್ಟಕ್ಕಿಂತ ಕೆಳಗೆ, ಅದರ ಕೆಳಗೆ ಐದು ಲೀಟರಿನ ಕುಕ್ಕರ್ ಮತ್ತು ಅದರ ಹೊಟ್ಟೆಯೊಳಗೆ ಮೂರು ಲೀಟರಿನದು, ಎಲ್ಲಕ್ಕಿಂತ ಕೆಳಗೆ ಅಕ್ಕಿಯ ಡಬ್ಬ. ರ‍್ಯಾಕ್ ನೋಡಲು ಚೆಂದವಿಲ್ಲ. ಬಂದವರು ಅದನ್ನು ಹೇಳದೆ ಬಿಡುವುದೂ ಇಲ್ಲ. ಕುಕ್ಕರುಗಳ ಮುಚ್ಚಳವನ್ನು ಬಿಗಿದಿಡದೆ, ಗ್ಯಾಸ್ಕೆಟ್ ಬಿಚ್ಚಿ ರ‍್ಯಾಕಿನ ಪಕ್ಕದ ಕೊಕ್ಕೆಗೆ ನೇತುಹಾಕಿದರೆ ರಬ್ಬರಿಗೆ ಬೇಳೆಯ ವಾಸನೆ ಕೂರುವುದಿಲ್ಲ.

ಮಿಕ್ಸಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ದಿನವೂ ಬೇಕಾಗುವುದರಿಂದ ಅದು ಕಟ್ಟೆಯ ಮೇಲೆಯೇ ಇರಬೇಕು. ಎಲ್ ಆಕಾರದ ಕಟ್ಟೆಯ ಒಳಮೂಲೆಯಲ್ಲಿ ಹೆಚ್ಚುವುದಕ್ಕೂ ಲಟ್ಟಿಸುವುದಕ್ಕೂ ಆಗುವುದಿಲ್ಲ, ಆದ್ದರಿಂದ ಅದನ್ನು ಮಿಕ್ಸಿಗೆ ಬಿಟ್ಟುಕೊಟ್ಟರೆ ನಷ್ಟವಿಲ್ಲ.

ಸಜ್ಜ ಹಾಗಾದರೆ ಯಾವುದಕ್ಕೆ? ವರ್ಷಕ್ಕೆ ಎರಡು ಮೂರು ಸಲ ಬೇಕಾಗುವ, ಒಂದು ಕೈಯಲ್ಲಿ ಇಳಿಸಬಹುದಾದ ವಸ್ತುಗಳಿಗೆ. ಚಕ್ಕುಲಿ ಒರಳು, ಶ್ಯಾವಿಗೆ ಒತ್ತು, ಹಬ್ಬಕ್ಕೆ ನೆಂಟರು ಬಂದಾಗ ಬೇಕಾಗುವ ದೊಡ್ಡ ಇಡ್ಲಿ ಪಾತ್ರೆ, ದೊಡ್ಡ ಬಾಣಲೆ ಇವೆಲ್ಲ ಅಲ್ಲಿ ನಿಶ್ಚಿಂತೆಯಿಂದ ಇರಬಹುದು. ಹಿತ್ತಾಳೆಯ ಒರಳನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದರೆ ಕಿಲುಬು ಕಡಿಮೆ. ಅದರ ಬಿಲ್ಲೆಗಳು, ಅದರಲ್ಲೂ ನಕ್ಷತ್ರದ ತೂತಿರುವ ಚಕ್ಕುಲಿ ಬಿಲ್ಲೆ, ಪ್ರತಿ ಗೋಕುಲಾಷ್ಟಮಿಯ ಹಿಂದಿನ ದಿನ ಕಾಣೆಯಾಗುವಂಥವು. ತೊಳೆದು ಒಣಗಿಸಿದ ತಕ್ಷಣ ಎಲ್ಲ ಬಿಲ್ಲೆಗಳ ತೂತಿಗೂ ಒಂದೇ ದಾರ ಪೋಣಿಸಿ, ಗಂಟು ಹಾಕಿ, ಒರಳಿನ ಹೊಟ್ಟೆಯೊಳಗೇ ಇಳಿಬಿಟ್ಟು ಮುಚ್ಚಿಡುವುದು ಅಮ್ಮನ ಪದ್ಧತಿ. ನಾನೂ ಅದನ್ನೇ ಮಾಡುತ್ತೇನೆ.

ನಮ್ಮ ಕಟ್ಟಡಕ್ಕೆ ಕೊಳವೆ ಗ್ಯಾಸ್ ಬಂದಾಗ ಒಲೆಯ ಕೆಳಗೆ ಎರಡು ಸಿಲಿಂಡರುಗಳ ಜಾಗ ಒಮ್ಮೆಲೇ ಖಾಲಿಯಾಯಿತು. ಕಟ್ಟೆಯ ಕೆಳಗೆ ಅರೆಗಳಿಲ್ಲದೆ ನೇರವಾಗಿ ನೆಲಕ್ಕೆ ತೆರೆದಿರುವ ಜಾಗ ಅದೊಂದೇ ಆದ್ದರಿಂದ ಎಲ್ಲರ ಕಣ್ಣೂ ಅದರ ಮೇಲೆ. ಒಲೆಯ ಶಾಖ ತಾಗುವ, ಕೊಳವೆಯೂ ವಾಲ್ವೂ ಇರುವ ಆ ಜಾಗದಲ್ಲಿ ವಿದ್ಯುತ್ ಯಂತ್ರ ಯಾವುದನ್ನೂ ಇಡುವುದು ಬೇಡವೆಂದು ತೀರ್ಮಾನಿಸಿ, ವಾಲ್ವಿಗೆ ಕೈ ಸಲೀಸಾಗಿ ಹೋಗುವಷ್ಟು ತೆರವು ಬಿಟ್ಟು, ದೋಸೆ ಕಾವಲಿ ಮತ್ತು ಹೋಳಿಗೆ ಕಾವಲಿಗಳನ್ನು ಒಂದು ತಂತಿಯ ಚೌಕಟ್ಟಿನಲ್ಲಿ ನಿಲ್ಲಿಸಿದ್ದೇವೆ. ಮಲಗಿಸಿ ಒಂದರ ಮೇಲೊಂದು ಇಟ್ಟಿದ್ದಾಗ ಅಡಿಯದ್ದನ್ನು ತೆಗೆಯಲು ಮೇಲಿನ ನಾಲ್ಕನ್ನೂ ಇಳಿಸಬೇಕಿತ್ತು, ಈಗ ಬೇಕಾದ್ದನ್ನಷ್ಟೇ ಎಳೆದುಕೊಳ್ಳಬಹುದು.

ಉಳಿದದ್ದು ಏರ್ ಫ್ರೈಯರ್. ತೂಕ ಹೆಚ್ಚಿಲ್ಲ, ಆದರೆ ಅದಕ್ಕೂ ದೊಡ್ಡ ಸಾಕೆಟ್ಟೇ ಬೇಕು; ಹಿಂದಿನಿಂದ ಬಿಸಿಗಾಳಿ ಉಗುಳುವುದರಿಂದ ಗೋಡೆಗೆ ಒತ್ತಿ ಇಡುವಂತಿಲ್ಲ; ಓವನ್ನಿನ ಸಾಕೆಟ್ಟನ್ನು ಅದಕ್ಕೆ ಕೊಟ್ಟರೆ ಓವನ್ ಸುಮ್ಮನೆ ಕೂರಬೇಕು. ಮನೆಯವರು ಅದನ್ನು ಊಟದ ಮೇಜಿನ ಮೇಲಿಡೋಣವೆಂದರು, ಮಗಳು ತನ್ನ ಓದುವ ಕೋಣೆಯಲ್ಲಿ ಎಂದಳು. ಮೈಸೂರಿನ ಅಕ್ಕನ ಅಡುಗೆಮನೆ ನಮ್ಮದರ ಎರಡರಷ್ಟಿದೆ, ಕಟ್ಟೆಯುದ್ದಕ್ಕೂ ಸಾಕೆಟ್ಟುಗಳಿವೆ. ಫೋನ್ ಮಾಡಿ ಕೇಳಿದರೆ, “ಡಬ್ಬದ ಸಮೇತ ಇದ್ರೆ ಕಳಿಸು” ಎಂದಳು. ಡಬ್ಬ ಮಂಚದ ಕೆಳಗಿತ್ತು. ಬರುವ ಭಾನುವಾರ ಅದು ಮೈಸೂರಿಗೆ ಹೊರಡುತ್ತದೆ, ಮಂಚದ ಕೆಳಗೂ ಒಂದಿಷ್ಟು ಜಾಗವಾಗುತ್ತದೆ.