ಬೀದಿ ನಾಯಿಗೆ ಫಾರಿನ್ ಎಂತಕ್ಕೆ?

ಗೋಕರ್ಣದ ರಥಬೀದಿಯಿಂದ ಎರಡು ತಿರುವು ಒಳಗೆ ನನ್ನ ಝೆರಾಕ್ಸ್ ಅಂಗಡಿ ಇದೆ. ಆಧಾರ್, ಪಹಣಿ, ರೈಲು ಟಿಕೆಟ್, ಮದುವೆ ಕರೆಯೋಲೆ, ಇಂಥವೇ ಕೆಲಸ. ಏಳೆಂಟು ವರ್ಷದಿಂದ ಇದರ ಜೊತೆ ನಾಯಿಯ ಕಾಗದಪತ್ರವೂ ಸೇರಿಕೊಂಡಿದೆ. ಕುಡ್ಲೆ, ಓಂ ಬೀಚಿನಲ್ಲಿ ತಿಂಗಳುಗಟ್ಟಲೆ ಉಳಿಯುವ ವಿದೇಶಿಯರಲ್ಲಿ ಕೆಲವರು ಊರಿಗೆ ಹೊರಡುವಾಗ ಬೀಚಿನ ನಾಯಿಯನ್ನೂ ಕರೆದುಕೊಂಡು ಹೋಗ್ತೀವಿ ಅಂತಾರೆ. ಅವರಿಗೆ ಆ ಫಾರಂ, ಈ ಸರ್ಟಿಫಿಕೇಟ್ ಪ್ರಿಂಟ್ ತೆಗೆದುಕೊಡುತ್ತಾ ನಾನೇ ಅರ್ಧ ಏಜೆಂಟ್ ಆಗಿಬಿಟ್ಟೆ.

ಸುದ್ದಿ ಘಟ್ಟದ ಮೇಲೂ ಹೋಗಿದೆ. ಶಿರಸಿಯಲ್ಲಿ ಯಾರದೋ ಮದುವೆಗೆ ಹೋಗಿ ಊಟಕ್ಕೆ ಕೂತರೆ ಪಕ್ಕದವರು ಕೇಳುತ್ತಾರೆ: "ಬೀದಿ ನಾಯಿಗೆ ಫಾರಿನ್ ಎಂತಕ್ಕೆ ಮಾರಾಯಾ? ಅದರಲ್ಲಿ ನಿಂಗೆಷ್ಟು ಸಿಗ್ತದೆ?" ಆಮೇಲೆ ಎದುರು ಪಂಕ್ತಿಯಿಂದ ಒಬ್ಬರು, "ನಮ್ಮ ಮಾಣಿಗೇ ವೀಸಾ ಆಗಲಿಲ್ಲ, ನಾಯಿಗೆ ಆಯ್ತಲ್ಲ" ಅಂತ ನಗಿಸುತ್ತಾರೆ. ಈ ಮಾತನ್ನು ನಾನು ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ.

ಎಷ್ಟು ಸಿಗ್ತದೆ ಅನ್ನುವುದಕ್ಕೆ ಉತ್ತರ ಸುಲಭ. ಪುಟಕ್ಕೆ 3 ರೂಪಾಯಿ, ಕಲರ್ ಆದರೆ 10. ಎಂತಕ್ಕೆ ಅನ್ನುವುದಕ್ಕೆ ಸ್ವಲ್ಪ ಹೊತ್ತು ಬೇಕು. ಹೋಳಿಗೆ ಬಡಿಸುವುದರೊಳಗೆ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾಯಿ ಬೇಕು ಅಂತ ಬಂದವರಿಗೆ ನಾನು ಮೊದಲು ಹೇಳುವುದು "ಬೇಡ" ಅಂತ. ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಆದರೆ ನೋಡಿ, ಕುಡ್ಲೆಯ ನಾಯಿಗೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಏನೂ ಕಮ್ಮಿ ಇಲ್ಲ. ಬೆಳಿಗ್ಗೆ ಆಮ್ಲೆಟ್, ಮಧ್ಯಾಹ್ನ ಯಾರದೋ ಪಿಜ್ಜಾದ ಅಂಚು, ಸಂಜೆ ಮರಳಲ್ಲಿ ಓಟ. ಕಷ್ಟ ಶುರುವಾಗುವುದು ಜೂನ್‌ನಲ್ಲಿ. ಮಳೆ ಹಿಡಿಯಿತು ಅಂದರೆ ಬೀಚಿನ ಶ್ಯಾಕ್, ಅಂದರೆ ಗುಡಿಸಲು ಹೋಟೆಲು ಬಿಚ್ಚುತ್ತಾರೆ, ಜನ ಖಾಲಿ. ಆಮ್ಲೆಟ್ ತಿಂದ ನಾಯಿಗಳು ಮೀನು ಮಾರ್ಕೆಟ್ಟಿನ ಹಿಂದೆ ಬಂಗಡೆ ತಲೆಗೆ ಕಚ್ಚಾಡುತ್ತವೆ. ಒಂದು ನಾಯಿಯನ್ನು ವಿಮಾನ ಹತ್ತಿಸಿದರೆ ಆ ಮಳೆಗಾಲ ಒಂದು ನಾಯಿಗೆ ಮಾತ್ರ ತಪ್ಪುತ್ತದೆ. ಅದರ ಜಾಗಕ್ಕೆ ದೀಪಾವಳಿಯೊಳಗೆ ಇನ್ನೊಂದು ಬಂದು ಮಲಗಿರುತ್ತದೆ.

ಎಲ್ಲಿಂದ ಬರುತ್ತದೆ ಅಂತೀರಾ? ನಮ್ಮ ಮನೆಗಳಿಂದಲೇ. ಅಡಿಕೆ ತೋಟದವರಿಗೆ ಮಂಗ ಓಡಿಸುವುದಕ್ಕೆ ನಾಯಿ ಬೇಕು. "ಗಂಡು ಮರಿ ಇದ್ರೆ ಹೇಳು" ಅಂತ ಫೋನ್ ಮಾಡುತ್ತಾರೆ. ಹೆಣ್ಣು ಮರಿ ಯಾರಿಗೂ ಬೇಡ. ಅವನ್ನು ಗೋಣಿಚೀಲದಲ್ಲಿ ಹಾಕಿ ಹೋಟೆಲಿನ ಹಿಂದೆಯೋ ಬೀಚಿನ ದಾರಿಯಲ್ಲೋ ಬಿಟ್ಟು ಹೋಗುತ್ತಾರೆ. ಆ ಮರಿ ವರ್ಷ ತುಂಬುವುದರೊಳಗೆ ತಾನೇ ಮರಿ ಹಾಕುತ್ತದೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಇದನ್ನು ಪಂಕ್ತಿಯಲ್ಲಿ ಹೇಳಿದರೆ ಎದುರಿನವರು ಸಾರು ಬೇಕು ಅಂತ ಆ ಕಡೆ ತಿರುಗುತ್ತಾರೆ.

ಸರ್ಕಾರದ 2023ರ ನಿಯಮದಲ್ಲಿ ಇದಕ್ಕೆ ದಾರಿ ಇದೆ. ನಾಯಿ ಹಿಡಿದು ಸಂತಾನಹರಣ ಆಪರೇಷನ್ ಮಾಡಿಸಬೇಕು, ರೇಬಿಸ್ ಲಸಿಕೆ ಹಾಕಿಸಿ ಹಿಡಿದ ಜಾಗಕ್ಕೇ ಬಿಡಬೇಕು. ಆಪರೇಷನ್ ಆದ ನಾಯಿಯ ಕಿವಿ ತುದಿ ಸ್ವಲ್ಪ ಕತ್ತರಿಸಿರುತ್ತಾರೆ, ದೂರದಿಂದಲೇ ಗೊತ್ತಾಗಲಿ ಅಂತ. ನಿಮ್ಮ ಬೀದಿಯಲ್ಲಿ ಅಂಥ ಕಿವಿ ಎಷ್ಟಿವೆ, ಒಮ್ಮೆ ಎಣಿಸಿ ನೋಡಿ. ಒಂದು ನಾಯಿಯನ್ನು ಯುರೋಪಿಗೆ ಒಯ್ಯುವ ದುಡ್ಡಲ್ಲಿ ನಮ್ಮ ಕೇರಿಯ ಹೆಣ್ಣು ನಾಯಿಗಳಿಗೆಲ್ಲ ಆಪರೇಷನ್ ಮಾಡಿಸಿ ಚಿಲ್ಲರೆ ವಾಪಸ್ ಕೊಡಬಹುದು. ಬಂದವರಿಗೆ ಇದನ್ನೇ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಅರ್ಧ ಜನ ಒಪ್ಪುತ್ತಾರೆ. ಇಬ್ಬರು ಮೂವರು ಆಪರೇಷನ್ನಿಗೆ ಅಂತ ದುಡ್ಡು ಕೊಟ್ಟೇ ಹೋಗಿದ್ದಾರೆ.

ಉಳಿದವರು ಮಾರನೇ ದಿನ ಮತ್ತೆ ಬರುತ್ತಾರೆ. ಜೊತೆಗೆ ನಾಯಿಯೂ ಬಂದಿರುತ್ತದೆ.

ಜರ್ಮನಿಯ ಒಬ್ಬ ಅಮ್ಮ ಹಾಗೆ ಬಂದರು. ಅರವತ್ತು ದಾಟಿದವರು. ಕೆಂಚು ಬಣ್ಣದ ಗಂಡು ನಾಯಿ, ಹಿಂದಿನ ಒಂದು ಕಾಲು ಬೈಕಿಗೆ ಸಿಕ್ಕಿ ಸೊಟ್ಟಗಾಗಿತ್ತು. ಬೀಚಿನ ಬೇರೆ ನಾಯಿಗಳು ಅದನ್ನು ಹತ್ತಿರ ಬಿಡುತ್ತಿರಲಿಲ್ಲ. ನಾವು ಕೆಂಚ ಅನ್ನುತ್ತಿದ್ದೆವು, ಅವರು ಚಾಯ್ ಅಂತ ಹೆಸರಿಟ್ಟಿದ್ದರು. ಗೋಕರ್ಣದಿಂದ ಹೋಗುವ ನಾಯಿಗಳ ಹೆಸರೆಲ್ಲ ಚಾಯ್, ಶಾಂತಿ, ಮಸಾಲಾ. ಇರಲಿ.

ಅಮ್ಮನ ಫೈಲು ನೀಟಾಗಿತ್ತು. ಅಕ್ಟೋಬರಿನಲ್ಲಿ ರೇಬಿಸ್ ಲಸಿಕೆ. ಜನವರಿಯಲ್ಲಿ ಚರ್ಮದ ಕೆಳಗೆ ಚಿಪ್, ಅಕ್ಕಿಕಾಳಿನಷ್ಟು ದೊಡ್ಡದು, ಅದರಲ್ಲಿ 15 ಅಂಕಿಯ ನಂಬರ್. ತಾರೀಕು ನೋಡಿದ ಕೂಡಲೇ ನನಗೆ ಹೊಟ್ಟೆ ತಳಮಳ ಅಂದಿತು. ಯುರೋಪಿನ ನಿಯಮದಲ್ಲಿ ಚಿಪ್ ಮೊದಲು, ಲಸಿಕೆ ಆಮೇಲೆ. ಒಂದೇ ದಿನ ಆದರೂ ನಡೆಯುತ್ತದೆ. ಚಿಪ್ಪಿಗಿಂತ ಮೊದಲು ಹಾಕಿದ ಲಸಿಕೆ ಲೆಕ್ಕಕ್ಕೇ ಇಲ್ಲ, ಯಾಕೆಂದರೆ ಚುಚ್ಚಿಸಿಕೊಂಡ ನಾಯಿ ಇದೇ ಅನ್ನುವುದಕ್ಕೆ ಗುರುತಿಲ್ಲ. ಹೇಳಿದೆ. ಅಮ್ಮ ಮಾತಾಡಲಿಲ್ಲ. ಲಸಿಕೆಯ ಕಾಗದ ತಿರುಗಿಸಿ, ಹಿಂದೆ ಏನಾದರೂ ಬರೆದಿದೆಯಾ ಅಂತ ನೋಡಿದರು.

ಎಲ್ಲ ಮೊದಲಿಂದ. ಮತ್ತೆ ಲಸಿಕೆ. ಅದಾಗಿ ಕನಿಷ್ಠ 30 ದಿನಕ್ಕೆ ರಕ್ತ ತೆಗೆದು ಯುರೋಪ್ ಒಪ್ಪಿದ ಲ್ಯಾಬಿಗೇ ಕಳಿಸಬೇಕು. ಲಸಿಕೆ ಹಿಡಿದಿದೆ ಅನ್ನುವುದಕ್ಕೆ ರಕ್ತದಲ್ಲಿ ರೇಬಿಸ್ ತಡೆಯುವ ಪ್ರತಿಕಾಯ ಮಿಲಿಲೀಟರಿಗೆ 0.5 ಯೂನಿಟ್ ಮುಟ್ಟಬೇಕು. ಮುಟ್ಟಿದರೂ ಮುಗಿಯಲಿಲ್ಲ. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ರೇಬಿಸ್ ಮೈಯೊಳಗೆ ಸೇರಿ ತಿಂಗಳುಗಟ್ಟಲೆ ಸುಮ್ನೆ ಕೂತಿರಬಹುದು, ಮೊದಲೇ ಸೇರಿದ್ದರೆ ಅಷ್ಟರಲ್ಲಿ ಹೊರಗೆ ಬರಲಿ ಅಂತ. ನಮ್ಮಲ್ಲಿ ಇದನ್ನು ಕೇಳಿ "ಅತಿಯಾಯ್ತು" ಅನ್ನುವವರಿದ್ದಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಅನ್ನುವಂಥ ಕಾಯಿಲೆ ಅದು. ಕಾಯಿಸುವುದು ಸರಿ ಅಂತಲೇ ನನ್ನ ಅಭಿಪ್ರಾಯ.

ಬೇರೆ ದೇಶದ ಕಥೆ ಬೇರೆ. ಅಮೆರಿಕದವರು 2024ರ ಆಗಸ್ಟಿನಿಂದ 6 ತಿಂಗಳ ಒಳಗಿನ ಮರಿಯನ್ನು ಒಳಗೇ ಬಿಡುವುದಿಲ್ಲ, ನಮ್ಮಂಥ ರೇಬಿಸ್ ಜಾಸ್ತಿ ಇರುವ ದೇಶದ ನಾಯಿಗೆ ಇನ್ನೂ ಬಿಗಿ. ದತ್ತು ಕೊಡುವುದಕ್ಕೆ ಅಂತ ನಾಯಿ ತರಿಸುವುದನ್ನು ಕೆನಡಾ 2022ರ ಸೆಪ್ಟೆಂಬರ್ 28ರಿಂದ ಇಂಥ ದೇಶಗಳ ಮಟ್ಟಿಗೆ ನಿಲ್ಲಿಸಿಯೇ ಬಿಟ್ಟಿದೆ. ಆಸ್ಟ್ರೇಲಿಯಾಕ್ಕೆ ಇಲ್ಲಿಂದ ನೇರವಾಗಿ ಹೋಗುವ ಹಾಗೇ ಇಲ್ಲ. ಅಲ್ಲಿಯವರು ಬಂದರೆ ಚಹಾ ಕುಡಿಸಿ ಕಳಿಸುತ್ತೇನೆ.

ಅಮ್ಮನ ವೀಸಾ ಮಾರ್ಚಿಗೆ ಮುಗಿಯಿತು. ಕೆಂಚ ನನ್ನ ಅಂಗಡಿಗೆ ಬಂದ. ಆ ಮಳೆಗಾಲ ಪೂರ್ತಿ ದೊಡ್ಡ ಪ್ರಿಂಟರಿಗೂ ಗೋಡೆಗೂ ನಡುವೆ, ಬಿಸಿ ಗಾಳಿ ಬರುವ ಕಡೆ ಮಲಗಿದ. ಅಂಗಡಿ ತುಂಬಾ ಒದ್ದೆ ನಾಯಿಯ ವಾಸನೆ. ಗಿರಾಕಿಗಳು ಮೂಗು ಮುಚ್ಚಿಕೊಂಡೇ ಪಹಣಿ ತಗೊಂಡು ಹೋದರು. ಕರೆಂಟ್ ಹೋದರೆ ಗಾಳಿ ನಿಲ್ಲುತ್ತದಲ್ಲ, ಆಗ ಎದ್ದು ಬಂದು ನನ್ನ ಮುಖ ನೋಡುತ್ತಿದ್ದ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರು ನಮ್ಮದು. ಹತ್ತು ಸಲವೂ ನೋಡುತ್ತಿದ್ದ.

ವಿಮಾನದಲ್ಲಿ ಕಳಿಸುವ ಪೆಟ್ಟಿಗೆಗೆ ಅಳತೆ ತೆಗೆದವನೂ ನಾನೇ. ಮೂಗಿನಿಂದ ಬಾಲದ ಬುಡದವರೆಗೆ, ನೆಲದಿಂದ ಕಿವಿ ತುದಿಯವರೆಗೆ. ಒಳಗೆ ನಾಯಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಇಲ್ಲದಿದ್ದರೆ ವಿಮಾನದವರು ಹತ್ತಿಸುವುದಿಲ್ಲ. ನಿದ್ದೆ ಬರಿಸುವ ಔಷಧಿ ಕೊಟ್ಟ ನಾಯಿಯನ್ನೂ ಒಪ್ಪುವುದಿಲ್ಲ. ಹಾಗಾಗಿ ಮೂರು ವಾರ ಪೆಟ್ಟಿಗೆಯೊಳಗೇ ಅನ್ನ ಹಾಕಿ ಅಭ್ಯಾಸ ಮಾಡಿಸಿದೆ, ಕುಚ್ಚಲಕ್ಕಿ ಗಂಜಿಗೆ ಬಂಗಡೆ ತಲೆ ಬೇಯಿಸಿ ಹಾಕಿ. ಆಮೇಲೆ ಪೆಟ್ಟಿಗೆಯನ್ನು ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಅಮ್ಮ ಬಂದರು. ಬಾಗಿಲಲ್ಲಿ ನಿಂತು "ಚಾಯ್" ಅಂದರು. ಕೆಂಚ ಕಣ್ಣು ಬಿಟ್ಟ, ಏಳಲಿಲ್ಲ. ಅವರು ಚಪ್ಪಲಿ ಕಳಚಿ ಒಳಗೆ ಬಂದು ನೆಲದ ಮೇಲೆ ಕೂತರು. ವಾಸನೆ ಹಿಡಿಯುವುದಕ್ಕೆ ಅವನಿಗೆ ಒಂದು ನಿಮಿಷ ಬೇಕಾಯಿತು. ಆಮೇಲೆ ಆ ಸೊಟ್ಟ ಕಾಲು ಎಳೆದುಕೊಂಡು ಹೋಗಿ ಅವರ ಮಡಿಲಲ್ಲಿ ತಲೆ ಇಟ್ಟ. ಅಂಗಡಿಯಲ್ಲಿ ಆಧಾರ್ ತಿದ್ದುಪಡಿಗೆ ಬಂದವರೊಬ್ಬರು ಇದ್ದರು. "ಹೋಗ್ಲಿ ಬಿಡು, ಅವಂದು ಅಲ್ಲೇ ಬರೆದಿದೆ" ಅಂದರು. ಅವರೇ ಎರಡು ವಾರದ ಹಿಂದೆ ಬೀದಿ ನಾಯಿಗೆ ಫಾರಿನ್ ಎಂತಕ್ಕೆ ಅಂತ ಕೇಳಿದ್ದವರು.

ಬೆಂಗಳೂರಿಗೆ ಕಾರು ಮಾಡಿ ಕಳಿಸಿದೆ. ಕೊನೆಯ ಆರೋಗ್ಯ ಸರ್ಟಿಫಿಕೇಟ್ ಕೈಗೆ ಬಂದ 10 ದಿನದೊಳಗೆ ಯುರೋಪ್ ಮುಟ್ಟಬೇಕು, ಮುಟ್ಟಿದರು. ಎಲ್ಲ ಸೇರಿ ಎರಡು ಲಕ್ಷದ ಮೇಲೆ ಖರ್ಚಾಯಿತಂತೆ. ಈಗ ಕೆಂಚನಿಗೆ ಅಲ್ಲಿನ ಊರಿನವರು ವರ್ಷಕ್ಕೊಮ್ಮೆ ತೆರಿಗೆ ಹಾಕುತ್ತಾರೆ. ಅಲ್ಲಿ ಹೆಚ್ಚಿನ ಊರುಗಳಲ್ಲಿ ನಾಯಿ ಸಾಕಿದವರು ಕಟ್ಟಬೇಕಂತೆ. ಮೊದಲ ವಾರ ಒಣ ಬಿಸ್ಕತ್ತು ಮುಟ್ಟದೆ ಕೂತಿದ್ದನಂತೆ, ಅಮ್ಮ ರಾತ್ರಿ ಫೋನ್ ಮಾಡಿದರು. ಬಂಗಡೆ ಸಿಗ್ತದಾ ಕೇಳಿದೆ. ಹೊಗೆ ಹಾಕಿದ್ದು ಸಿಗುತ್ತದಂತೆ. ಉಪ್ಪು ಜಾಸ್ತಿ, ಅದು ಬೇಡ, ಹಸಿಯದ್ದು ಹುಡುಕಿ ಅಂದೆ.

ಹಾಗಾದರೆ ಬೀದಿ ನಾಯಿಗೆ ಫಾರಿನ್ ಬೇಕಾ? ಕುಡ್ಲೆಯ ಹೆಚ್ಚಿನ ನಾಯಿಗಳಿಗೆ ಬೇಡ. ಅವಕ್ಕೆ ಬೇಕಾದದ್ದು ಆಪರೇಷನ್, ಲಸಿಕೆ, ಮತ್ತೆ ಜುಲೈನಲ್ಲಿ ಒಂದು ತಟ್ಟೆ ಗಂಜಿ. ಕೆಂಚನಿಗೆ ಬೇಕಿತ್ತಾ ಅಂದರೆ, ಬೇಕಾಗಿದ್ದು ಆ ಅಮ್ಮ. ಅವರು ಕುಮಟೆಯವರಾಗಿದ್ದರೆ ಕುಮಟೆಗೆ ಹೋಗುತ್ತಿದ್ದ, ನನಗೂ ಇಷ್ಟು ಕಾಗದ ಉಳಿಯುತ್ತಿತ್ತು.

ಪ್ರಿಂಟರ್ ಹಿಂದಿನ ಜಾಗ ಹದಿನೈದು ದಿನ ಖಾಲಿ ಇತ್ತು. ಈಗ ಅಲ್ಲಿ ಒಂದು ಕಪ್ಪು ಹೆಣ್ಣು ನಾಯಿ ಮಲಗುತ್ತದೆ. ಯಾರು ಬಿಟ್ಟು ಹೋದರೋ. ಆಪರೇಷನ್ ಮಾಡಿಸಿದ್ದೇನೆ, ಲಸಿಕೆಯೂ ಆಗಿದೆ. ಚಿಪ್ ಹಾಕಿಸಿಲ್ಲ.