ಫೀಲ್ಡ್ ಬುಕ್ಕಿನ ಮೇಷ್ಟ್ರು

ನಾವು ಓದುತ್ತಿದ್ದ 1985ರಿಂದ 1989ರವರೆಗಿನ ಕಾಲದಲ್ಲಿ ನಮ್ಮ ಕಾಲೇಜಿನ ಸಿವಿಲ್ ವಿಭಾಗಕ್ಕೆ ವೃತ್ತಿನೀತಿ ಎಂಬ ಹೆಸರಿನ ಪತ್ರಿಕೆ ಇರಲಿಲ್ಲ. ಅದನ್ನು ಕಲಿಸಿದ ಮೇಷ್ಟ್ರು ಇದ್ದರು. ಸರ್ವೆ ಮತ್ತು ಕಾಂಕ್ರೀಟ್ ಪಾಠ ಮಾಡಲೆಂದು ನೇಮಕಗೊಂಡಿದ್ದ ಅವರು ಕಳೆದ ಆಷಾಢದಲ್ಲಿ ತೀರಿಕೊಂಡರೆಂಬ ಸುದ್ದಿ ತಿಳಿದಂದಿನಿಂದ, ಅವರ ತರಗತಿಯಲ್ಲಿ ಪುಟಗಟ್ಟಲೆ ಬರೆದುಕೊಂಡ ಸೂತ್ರಗಳಲ್ಲಿ ಒಂದೂ ನನ್ನ ನೆನಪಿಗೆ ಬರುತ್ತಿಲ್ಲ. ಕೆರೆಯ ಏರಿಯ ಮೇಲೆ, ವರ್ಕ್‌ಶಾಪಿನ ಹಿಂದಿನ ಬೇವಿನ ಮರದ ಕೆಳಗೆ, ಬಲ ಪರೀಕ್ಷೆಗೆಂದು ಅಚ್ಚುಹಾಕಿದ ಕಾಂಕ್ರೀಟ್ ಕ್ಯೂಬುಗಳನ್ನು ನೆನೆಹಾಕುತ್ತಿದ್ದ ತೊಟ್ಟಿಯ ಪಕ್ಕದಲ್ಲಿ ನಿಂತು ಅವರು ಆಡಿದ ಮಾತುಗಳೆಲ್ಲ ಹಾಗೆಹಾಗೇ ನೆನಪಾಗುತ್ತಿವೆ. ಈ ಸಂಚಿಕೆಗೆ ಬರೆಯಲು ಸಂಪಾದಕರು ಕೇಳಿದಾಗ ಬೇರೆ ವಿಷಯ ಹುಡುಕುವ ಅಗತ್ಯವೇ ಬೀಳಲಿಲ್ಲ.

ಕಾಲೇಜಿಗೆ ಬರುವ ಮೊದಲು ಅವರು ಹಲವು ವರ್ಷ ನೀರಾವರಿ ಕಾಮಗಾರಿಗಳಲ್ಲಿ ದುಡಿದಿದ್ದರು. ಇಲಾಖೆಯ ಕೆಲಸ ಬಲ್ಲವರಿಗೆಲ್ಲ ಎಂ.ಬಿ., ಅಂದರೆ ಮೆಷರ್‌ಮೆಂಟ್ ಬುಕ್, ಎಂದರೆ ಏನೆಂದು ಗೊತ್ತು. ಆದ ಕೆಲಸದ ಅಳತೆಯನ್ನು ಇಂಜಿನಿಯರ್ ತನ್ನ ಕೈಯಾರೆ ಬರೆದು ಸಹಿ ಮಾಡುವ ಆ ಪುಸ್ತಕದ ಆಧಾರದ ಮೇಲೆಯೇ ಗುತ್ತಿಗೆದಾರನ ಬಿಲ್ಲು ಪಾಸಾಗುತ್ತದೆ. ಅದರ ಪುಟಗಳಿಗೆ ಸಂಖ್ಯೆ ಇರುತ್ತದೆ, ಹಾಳೆ ಹರಿಯುವಂತಿಲ್ಲ, ಬರೆದದ್ದರ ಮೇಲೆ ತಿದ್ದಿ ಬರೆಯುವಂತಿಲ್ಲ. ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಚಿಕ್ಕ ಸಹಿ ಹಾಕಬೇಕು. ಸರ್ವೆಯ ಅಳತೆಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಗಳ ಫೀಲ್ಡ್ ಬುಕ್ಕಿಗೂ ಮೇಷ್ಟ್ರು ಅದೇ ಕಟ್ಟಳೆ ವಿಧಿಸಿದ್ದರು. ರಬ್ಬರು ತಂದವನು ಅವರ ಕಣ್ಣಿಗೆ ಸುಳ್ಳು ಸಾಕ್ಷಿ ಹೇಳಲು ಸಿದ್ಧನಾಗಿ ಬಂದವನಂತೆ ಕಾಣುತ್ತಿದ್ದ. "ಸೈಟಿನಲ್ಲಿ ನಿಂತು ಬರೆದಿದ್ದು ಅಳತೆ. ಆಫೀಸಿನಲ್ಲಿ ಕೂತು ಬರೆದಿದ್ದು ಕತೆ" ಎನ್ನುತ್ತಿದ್ದರು.

ಕೊನೆಯ ವರ್ಷದ ಸರ್ವೆ ಕ್ಯಾಂಪಿನ ಘಟನೆಯನ್ನು ನಮ್ಮ ತಂಡದವರು ಯಾರೂ ಮರೆತಿರಲಾರರು. ಹಳೆಯ ಕೆರೆಯೊಂದರ ಪುನರುಜ್ಜೀವನದ ಯೋಜನೆ ತಯಾರಿಸಲೆಂದು ಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದೆವು. ಎತ್ತರ ಮೊದಲೇ ಗೊತ್ತಿರುವ ಗುರುತಾದ ಬೆಂಚ್ ಮಾರ್ಕಿನಿಂದ ಹೊರಟು, ಏರಿಯುದ್ದಕ್ಕೂ ಸ್ಟಾಫ್ ಎಂಬ ಅಳತೆಗೋಲು ನಿಲ್ಲಿಸಿ ಮಟ್ಟ ನೋಡುತ್ತ ಕೋಡಿ ಮುಟ್ಟಿ, ಮತ್ತೆ ಬೆಂಚ್ ಮಾರ್ಕಿಗೇ ಹಿಂದಿರುಗುವುದು ಎರಡು ಗುಂಪುಗಳ ಪಾಲಿಗೆ ಬಂದಿತ್ತು. ಒಂದು ಗುಂಪು ನಮ್ಮದು. ಇನ್ನೊಂದು ಗುಂಪಿನ ಗೆಳೆಯರು ಹಿಂದಿನ ರಾತ್ರಿ ಪಕ್ಕದೂರಿನ ಟೆಂಟ್ ಸಿನಿಮಾಕ್ಕೆ ಹೋಗಿ ನಡುರಾತ್ರಿ ಮರಳಿದ್ದರಿಂದ, ಬೆಳಿಗ್ಗೆ ಮಟ್ಟ ನೋಡುವ ದುರ್ಬೀನಾದ ಡಂಪಿ ಲೆವೆಲ್ಲನ್ನು ಹೊಂಗೆಯ ತೋಪಿನಲ್ಲಿ ನೆಟ್ಟು, ಅದರ ನೆರಳಿನಲ್ಲಿ ಮಲಗಿ, ರೀಡಿಂಗುಗಳನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಕುಕ್' ಮಾಡಿದರು, ಅಂದರೆ ನೋಡದೆಯೇ ಹುಟ್ಟಿಸಿ ಬರೆದರು. ಲೆಕ್ಕದಲ್ಲಿ ಜಾಣರಿದ್ದ ಗುಂಪು ಅದು. ಹೊರಟ ಮಟ್ಟಕ್ಕೂ ಮರಳಿದ ಮಟ್ಟಕ್ಕೂ ಒಂದು ಮಿಲಿಮೀಟರಿನ ವ್ಯತ್ಯಾಸವೂ ಬಾರದಂತೆ ಇಡೀ ಪುಸ್ತಕವನ್ನು ಹೊಂದಿಸಿಟ್ಟರು. ಬಿಸಿಲಿನಲ್ಲಿ ಸುತ್ತಳತೆ ಸುಮಾರು 4 ಕಿಲೋಮೀಟರ್ ನಡೆದ ನಮಗೆ 18 ಮಿಲಿಮೀಟರ್ ವ್ಯತ್ಯಾಸ ಬಂದಿತ್ತು. ಸಾಧಾರಣ ಲೆವೆಲಿಂಗಿನಲ್ಲಿ ಅಷ್ಟು ದೂರಕ್ಕೆ 50 ಮಿಲಿಮೀಟರಿನವರೆಗೆ ಒಪ್ಪಬಹುದಾದ್ದರಿಂದ ನಮ್ಮ ಕೆಲಸ ಸಾಕಷ್ಟು ಚೊಕ್ಕವಾಗಿಯೇ ಇತ್ತು. ಉಪಕರಣದ ಹಿಂದೆ ನಿಂತು ರೀಡಿಂಗು ಹೇಳಿದವನು ನಾನೇ ಎಂಬುದನ್ನು ಇಲ್ಲಿ ಬರೆದರೆ ಗೆಳೆಯರು ತಪ್ಪು ತಿಳಿಯಲಾರರೆಂದು ನಂಬಿದ್ದೇನೆ.

ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮೇಷ್ಟ್ರು ಎರಡೂ ಪುಸ್ತಕ ನೋಡಿದರು. ನಮ್ಮದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ಬಹಳ ಹೊತ್ತು ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಏನಪ್ಪಾ, ನಮ್ಮ ಸ್ಟಾಫು 4 ಮೀಟರು ತಾನೆ? ಇಲ್ಲಿ 4.230 ಅಂತ ಬರೆದಿದೀರಿ. ಮೇಲಿನ 230 ಮಿಲಿಮೀಟರು ಯಾರು ಹಿಡಿದಿದ್ರು?" ಯಾರೂ ಬಾಯಿ ಬಿಡಲಿಲ್ಲ. "ಇದಿಲ್ಲದಿದ್ರೂ ಗೊತ್ತಾಗ್ತಿತ್ತು ಕಣಯ್ಯಾ. ನಡೆದವನ ಪುಸ್ತಕದಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಅಂಕ ಕತ್ತರಿಸುತ್ತಾರೆಂದು ಹೆದರಿದ್ದವರಿಗೆ ಮರುದಿನ ಬೇರೆಯೇ ಅನುಭವ ಕಾದಿತ್ತು. ಬೆಳಕು ಹರಿಯುವ ಮೊದಲೇ ಮೇಷ್ಟ್ರು ತಾವೇ ಸ್ಟಾಫನ್ನು ಹೆಗಲ ಮೇಲೆ ಹೊತ್ತು ಅವರನ್ನೆಲ್ಲ ಎಬ್ಬಿಸಿದರು. ಅವರ ಜೊತೆಗೇ ಇಡೀ ಸುತ್ತು ನಡೆದರು. ಕುತೂಹಲದಿಂದ ನಾವೂ ಹಿಂದೆ ಹೋದೆವು. ಕೋಡಿಯ ಹತ್ತಿರ ನಿಂತು ಅವರು ಹೇಳಿದ್ದನ್ನು ನಾನು ಅಂದೇ ಬರೆದಿಟ್ಟುಕೊಂಡಿದ್ದೆ. "ಈ ಏರಿ ಮಣ್ಣಿನದು. ಕೋಡಿಯ ಮಟ್ಟ ತಪ್ಪಾಗಿ ಎತ್ತರಕ್ಕೆ ಕಟ್ಟಿಬಿಟ್ಟರೆ ಜೋರು ಮಳೆಯಲ್ಲಿ ನೀರು ಏರಿ ಮೇಲೆ ಹತ್ತುತ್ತೆ. ಒಂದು ಸಲ ಹತ್ತಿದರೆ ಮಣ್ಣು ಕೊಚ್ಚಿಕೊಂಡು ಹೋಗಿ ಏರಿ ಒಡೆಯುತ್ತೆ. ಕೆಳಗೆ ಕಾಣ್ತಿವೆಯಲ್ಲ ಮನೆಗಳು, ಅಲ್ಲಿ ಯಾರಿಗೂ ನಿಮ್ಮ ಫೀಲ್ಡ್ ಬುಕ್ ಓದೋಕೆ ಬರಲ್ಲ. ನೀವು ನೋಡಿಯೇ ಬರೆದಿದೀರಿ ಅಂತ ನಂಬಿಕೊಂಡು ಮಲಗ್ತಾರೆ." ಪಾಪ, ಆ ಗುಂಪಿನ ಒಬ್ಬ ಗೆಳೆಯ ಮುಂದೆ ನೀರಾವರಿ ಕ್ಷೇತ್ರದಲ್ಲೇ ದುಡಿದು ನಿವೃತ್ತನಾದ, ಅವನಷ್ಟು ಕಟ್ಟುನಿಟ್ಟಾಗಿ ಅಳತೆ ಹಿಡಿಯುವವರನ್ನು ನಾನು ಕಂಡಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲಿ ಅವರು ಕೆನಡಾದ ಕ್ವಿಬೆಕ್ ಸೇತುವೆಯ ಕಥೆ ಹೇಳಿದರು. ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಆ ಉಕ್ಕಿನ ಸೇತುವೆಗೆ ಸಲಹೆಗಾರರಾಗಿದ್ದವರು ಅಮೆರಿಕದ ಹೆಸರಾಂತ ಇಂಜಿನಿಯರ್ ಥಿಯೋಡರ್ ಕೂಪರ್. ನಡುವಿನ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಲಾಯಿತು. ಅಂತರ ಹೆಚ್ಚಿದರೆ ಸೇತುವೆಯ ಸ್ವಂತ ತೂಕವೂ ಹೆಚ್ಚುತ್ತದೆ. ಆ ತೂಕವನ್ನು ಹೊಸದಾಗಿ ಲೆಕ್ಕ ಹಾಕದೆ ಹಳೆಯ ಅಂದಾಜಿನ ಮೇಲೆಯೇ ಕೆಲಸ ಸಾಗಿತು. ತಪ್ಪು ಗೊತ್ತಾಗುವ ಹೊತ್ತಿಗೆ ಉಕ್ಕಿನ ಬಹುಪಾಲು ತಯಾರಾಗಿತ್ತು. ತಡೆದುಕೊಳ್ಳುತ್ತದೆ ಎಂದು ಕೂಪರ್ ತೀರ್ಮಾನಿಸಿದರು. ವಯಸ್ಸು ಮತ್ತು ಅನಾರೋಗ್ಯದಿಂದ ಅವರು ನ್ಯೂಯಾರ್ಕಿನಲ್ಲೇ ಉಳಿದಿದ್ದರು. ಕೆಳಗಿನ ಉಕ್ಕಿನ ಅಂಗಗಳು ಬಾಗುತ್ತಿರುವುದನ್ನು ಸ್ಥಳದಲ್ಲಿ ಕಂಡ ಯುವ ಇಂಜಿನಿಯರ್ ನಾರ್ಮನ್ ಮೆಕ್‌ಲೂರ್ ನ್ಯೂಯಾರ್ಕಿಗೇ ಹೋಗಿ ವಿಷಯ ಮುಟ್ಟಿಸಿದಾಗ, ಇನ್ನು ಭಾರ ಹೇರಬೇಡಿ ಎಂಬ ತಂತಿ ಕೂಪರ್ ಅವರಿಂದ ಸೇತುವೆ ಕಟ್ಟುತ್ತಿದ್ದ ಕಂಪನಿಯ ಪೆನ್ಸಿಲ್ವೇನಿಯಾದ ಕಚೇರಿಗೆ ಹೋಯಿತು, ಸೇತುವೆಯ ಬಳಿಗೆ ಹೋಗಲಿಲ್ಲ. 1907ರ ಆಗಸ್ಟ್ 29ರ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ ಸೇತುವೆ ನದಿಗೆ ಕುಸಿದು 75 ಮಂದಿ ಸತ್ತರು. ಸತ್ತವರಲ್ಲಿ ಕಾನವಾಗೆ ಎಂಬ ಊರಿನ ಮೊಹಾಕ್ ಜನಾಂಗದ ಉಕ್ಕಿನ ಕೆಲಸಗಾರರು ಬಹಳ ಮಂದಿ. "ಇದರಲ್ಲಿ ಯಾರು ಲಂಚ ತಿಂದಿದ್ರು ಹೇಳಿ" ಎಂದು ಮೇಷ್ಟ್ರು ನಮ್ಮನ್ನು ಕೇಳಿದರು.

ಆ ಪ್ರಶ್ನೆಯನ್ನು ಅವರು ನಾಲ್ಕು ವರ್ಷವೂ ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇದ್ದರು. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನಾಚರಣೆಯಲ್ಲಿ ಭಾಷಣಕಾರರೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ಎರಡು ದೀಪಗಳ ಕಥೆಯನ್ನು, ಸರ್ಕಾರಿ ಕೆಲಸಕ್ಕೆ ಸರ್ಕಾರದ್ದು ಸ್ವಂತ ಕೆಲಸಕ್ಕೆ ಸ್ವಂತದ್ದು ಎಂಬುದನ್ನು, ತಪ್ಪದೆ ಹೇಳುತ್ತಿದ್ದರು. ಮೇಷ್ಟ್ರಿಗೆ ಆ ಮಹನೀಯರ ಮೇಲಿದ್ದ ಭಕ್ತಿ ಯಾರಿಗೂ ಕಡಿಮೆ ಇರಲಿಲ್ಲ. ಆದರೂ ನಮ್ಮ ನಾಡಿನಲ್ಲಿ ಇಂಜಿನಿಯರನ ನೀತಿ ಎಂದರೆ ಕೈ ಶುದ್ಧವಾಗಿಟ್ಟುಕೊಳ್ಳುವುದು ಎಂದಷ್ಟೇ ಆಗಿಬಿಟ್ಟಿದೆ ಎಂಬ ಅಸಮಾಧಾನ ಅವರಿಗಿತ್ತು. ಲಂಚ ಮುಟ್ಟದವನು ಅಷ್ಟರಿಂದಲೇ ತನ್ನ ಕರ್ತವ್ಯ ಮುಗಿಯಿತೆಂದು ತಿಳಿದು, ಪರಿಶೀಲಿಸದ ನಕ್ಷೆಗೆ ಸಹಿ ಹಾಕಿದರೆ, ಸಾಯುವವರಿಗೆ ಅವನ ಪ್ರಾಮಾಣಿಕತೆಯಿಂದ ಏನು ಪ್ರಯೋಜನ? ನಾವು ಕಾಲೇಜಿಗೆ ಸೇರುವ ಮೊದಲು, 1983ರಲ್ಲಿ, ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅದರ ಮಾತು ಬಂದಾಗಲೆಲ್ಲ ಮೇಷ್ಟ್ರ ಮುಖ ಗಂಭೀರವಾಗುತ್ತಿತ್ತು.

ಪರಿಶೀಲಿಸದ ನಕ್ಷೆಯ ಪಾಠ ನಡೆದದ್ದು ಬೇವಿನ ಮರದ ಕೆಳಗೆ. ಗಟ್ಟಿಯಾದ ಕೊಂಬೆಗೆ ಹಗ್ಗ ಇಳಿಬಿಟ್ಟು, ಇಬ್ಬರು ಹುಡುಗರನ್ನು ಒಬ್ಬನ ಕೆಳಗೊಬ್ಬನಂತೆ ಅದೇ ಹಗ್ಗವನ್ನು ಹಿಡಿದು ಜೋತಾಡಲು ಹೇಳಿದರು. ಇಬ್ಬರೂ ನಗುತ್ತ ಜೋತಾಡಿದರು. ಆಮೇಲೆ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಸೊಂಟ ಹಿಡಿದು ಜೋತುಬೀಳಬೇಕೆಂದರು. ಮೇಲಿನವನ ಕೈ ಕ್ಷಣಾರ್ಧದಲ್ಲಿ ಜಾರಿತು. ಹಗ್ಗದ ಮೇಲಿನ ಭಾರ ಅಷ್ಟೇ. ಮೇಲಿನವನ ಮುಷ್ಟಿಯ ಮೇಲೆ ಬಿದ್ದದ್ದು ಮಾತ್ರ ಎರಡರಷ್ಟು. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಸಭಾಂಗಣದಲ್ಲಿ ಒಂದರ ಕೆಳಗೊಂದು ತೂಗುಬಿಟ್ಟಿದ್ದ ನಡೆದಾರಿಗಳಲ್ಲಿ ಆದದ್ದೂ ಇದೇ. ಚಾವಣಿಯಿಂದ ಎರಡೂ ನಡೆದಾರಿಗಳ ಮೂಲಕ ಒಂದೇ ಉದ್ದನೆಯ ರಾಡು ಇಳಿಯಬೇಕೆಂದು ಮೊದಲ ವಿನ್ಯಾಸ ಹೇಳಿತ್ತು. ಜೋಡಣೆ ಸುಲಭವಾಗಲೆಂದು ಅದನ್ನು ಎರಡು ತುಂಡು ಮಾಡಿ, ಕೆಳಗಿನ ನಡೆದಾರಿಯನ್ನು ಮೇಲಿನದರ ತೊಲೆಗಳಿಗೆ ತೂಗುಹಾಕಲಾಯಿತು. ಮೇಲಿನ ತೊಲೆಯ ಅಡಿಯ ನಟ್ಟಿನ ಮೇಲೆ ಭಾರ ಇಮ್ಮಡಿಯಾಯಿತು. ಬದಲಾದ ನಕ್ಷೆಯ ಮೇಲೆ ಇಂಜಿನಿಯರರ ಒಪ್ಪಿಗೆಯ ಮೊಹರು ಬಿದ್ದಿತ್ತು. ಆ ಕೀಲಿನ ಲೆಕ್ಕವನ್ನು ಯಾರೂ ಮಾಡಿರಲಿಲ್ಲ. 1981ರ ಜುಲೈ 17ರ ಸಂಜೆ, ನೃತ್ಯ ನೋಡಲು ಜನ ಸೇರಿದ್ದ ಹೊತ್ತಿನಲ್ಲಿ ಅವು ಕುಸಿದು 114 ಮಂದಿ ಸತ್ತರು. ಅಷ್ಟೇ ಅಲ್ಲ, ಮೊದಲಿನ ವಿನ್ಯಾಸವೇ ಅಲ್ಲಿನ ಕಟ್ಟಡ ನಿಯಮ ಕೇಳುವ ಬಲಕ್ಕಿಂತ ಬಹಳ ಕಡಿಮೆಯಿತ್ತೆಂದು ತನಿಖೆಯಲ್ಲಿ ಹೊರಬಂದಿತು. ವಿನ್ಯಾಸದ ಹೊಣೆ ಹೊತ್ತಿದ್ದ ಇಂಜಿನಿಯರುಗಳು ಮಿಸೌರಿ ರಾಜ್ಯದಲ್ಲಿ ಪರವಾನಗಿ ಕಳೆದುಕೊಂಡರು. ಅವರಲ್ಲಿ ಒಬ್ಬರಾದ ಜ್ಯಾಕ್ ಗಿಲಮ್ ಮುಂದೆ ಇಂಜಿನಿಯರುಗಳ ಸಭೆಗಳಿಗೆ ತಾವಾಗಿಯೇ ಹೋಗಿ ಆ ದುರಂತದ ಬಗ್ಗೆ ಮಾತಾಡಿದರೆಂದು ನಾನು ಬಹಳ ವರ್ಷಗಳ ನಂತರ ಓದಿದೆ; ಮೇಷ್ಟ್ರಿಗೆ ಫೋನು ಮಾಡಿ ಹೇಳಿದಾಗ, "ಅದು ದೊಡ್ಡ ಮನಸ್ಸು" ಎಂದರು.

ಕಾಂಕ್ರೀಟ್ ಲ್ಯಾಬಿನ ಸಹಾಯಕರನ್ನೂ ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಹೊರಗಿನ ಗುತ್ತಿಗೆದಾರರು ಕ್ಯೂಬುಗಳನ್ನು ಪರೀಕ್ಷೆಗೆ ನಮ್ಮ ಕಾಲೇಜಿಗೇ ತರುತ್ತಿದ್ದರು. ಒಂದು ಸಲ ಬಂದ ಕ್ಯೂಬುಗಳು ಬೇಕಾದದ್ದರ ಎರಡರಷ್ಟು ಬಲ ತೋರಿಸಿದಾಗ, ಯಂತ್ರದ ಮುಂದೆ ನಿಂತಿದ್ದ ಆ ಹಿರಿಯರು ಮುಖ ಸಿಂಡರಿಸಿ ಮೇಷ್ಟ್ರನ್ನು ಕರೆದರು. "ಇದು ಕಟ್ಟಡಕ್ಕೆ ಹಾಕಿದ ಮಾಲಲ್ಲ ಸಾರ್, ಕ್ಯೂಬಿಗೇ ಅಂತ ಕಲಸಿದ ಮಾಲು." ಸಂಖ್ಯೆ ಸುಳ್ಳಲ್ಲವಾದ್ದರಿಂದ ವರದಿಯಲ್ಲಿ ಅದನ್ನೇ ಬರೆಯಬೇಕಾಯಿತು. 'ಮಾದರಿಗಳನ್ನು ಪಾರ್ಟಿಯೇ ತಂದುಕೊಟ್ಟದ್ದು' ಎಂಬ ಸಾಲನ್ನು ಮೇಷ್ಟ್ರು ಕೆಳಗೆ ದಪ್ಪ ಅಕ್ಷರದಲ್ಲಿ ಸೇರಿಸಿ, ಮುಂದಿನ ಬಾರಿಯಿಂದ ತಾವು ಸೈಟಿನಲ್ಲಿ ನಿಂತಿದ್ದಾಗ ತುಂಬಿದ ಕ್ಯೂಬನ್ನು ಮಾತ್ರ ಪರೀಕ್ಷಿಸುವುದಾಗಿ ಹೇಳಿ ಕಳಿಸಿದರು. ಆ ಗುತ್ತಿಗೆದಾರ ಮತ್ತೆ ಬರಲಿಲ್ಲ.

ಈಗ ಕಾಲ ಬದಲಾಗಿದೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಸಂವಿಧಾನ ಮತ್ತು ವೃತ್ತಿನೀತಿ ಎಲ್ಲ ಶಾಖೆಗಳಿಗೂ ಕಡ್ಡಾಯ ಪತ್ರಿಕೆಯಾಯಿತು, ಮುಂದೆ ಸೈಬರ್ ಕಾನೂನೂ ಅದರಲ್ಲಿ ಸೇರಿತು. ವಿಷಯಕ್ಕೆ ಜಾಗ ಸಿಕ್ಕಿದ್ದು ಸಂತೋಷವೇ. ಆದರೆ ನನ್ನ ಕಚೇರಿಗೆ ಸೇರುವ ಹೊಸ ಪದವೀಧರರನ್ನು ಕೇಳಿದರೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವೃತ್ತ ತುಂಬಿದ ನೆನಪು ಬಿಟ್ಟು ಬೇರೇನೂ ಅವರಲ್ಲಿ ಉಳಿದಿರುವುದಿಲ್ಲ. ಅವರ ಜಾಣತನದ ಬಗ್ಗೆ ನನಗೆ ದೂರಿಲ್ಲ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಕೈಲೆಕ್ಕದಿಂದ ಒಮ್ಮೆ ಒರೆಹಚ್ಚುವ ಅಭ್ಯಾಸವನ್ನು ಅವರಿಗೆ ಯಾರೂ ಮಾಡಿಸಿಲ್ಲ ಎಂಬುದೇ ನನ್ನ ಕೊರಗು. ವಾಸ್ತುಶಿಲ್ಪಿಗಳಿಗೆ ದೇಶದಲ್ಲಿ 1972ರಿಂದಲೇ ಕಾಯ್ದೆ ಇದೆ. ಇಂಜಿನಿಯರುಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಬಂದಿಲ್ಲ. ಹಾಗಿರುವಾಗ ಕಾಲೇಜಿನಲ್ಲಿ ಬೀಳುವ ಅಭ್ಯಾಸದ ಮೇಲೆ ಇನ್ನೂ ಹೆಚ್ಚಿನ ಭಾರ ಬೀಳುತ್ತದೆ.

ಬೆಂಗಳೂರಿನಲ್ಲಿ ರಚನಾ ವಿನ್ಯಾಸದ ಸಲಹೆಗಾರನಾಗಿ ನಾನು ದುಡಿದ ಮೂರು ದಶಕಗಳಲ್ಲಿ ಕ್ವಿಬೆಕ್ಕಿನ ಕಥೆ ಹಲವು ಬಾರಿ ನನ್ನ ಮೇಜಿನ ಮುಂದೆ ಬಂದು ಕುಳಿತಿದೆ. ಸ್ಟಿಲ್ಟ್ (ಕಂಬಗಳ ಮೇಲೆ ನಿಂತ ತೆರೆದ ನೆಲಮಟ್ಟ) ಮತ್ತು ಮೂರು ಅಂತಸ್ತಿಗೆ ಪಾಯ ಹಾಕಿಸಿದ ಮೇಲೆ ಒಬ್ಬ ಮಾಲೀಕರು ಬಂದು, "ಇನ್ನೊಂದು ಫ್ಲೋರ್ ತಾನೆ ಸರ್, ಈ ರೋಡಲ್ಲಿ ಎಲ್ಲರೂ ಹಾಕಿದಾರೆ, ನೀವೊಂದು ಸಹಿ ಮಾಡಿಕೊಡಿ" ಎಂದರು. ಮಣ್ಣಿನ ಪರೀಕ್ಷೆಯ ವರದಿಯಿಂದ ಮೊದಲುಮಾಡಿ ಮತ್ತೆ ಲೆಕ್ಕ ಹಾಕಿದೆ. ಮಧ್ಯದ ಎರಡು ಕಂಬಗಳೂ ಅವುಗಳ ಪಾಯವೂ ಆ ಭಾರಕ್ಕೆ ಸಾಲುತ್ತಿರಲಿಲ್ಲ. ಆಗುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟೆ. ಅವರು ಬೇರೆಯವರ ಬಳಿ ಹೋಗಿ ಸಹಿ ಪಡೆದರು, ನನ್ನ ಬಾಕಿ ಶುಲ್ಕವನ್ನೂ ಕೊಡಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದ ಸುದ್ದಿ ಟಿವಿಯಲ್ಲಿ ಬರುತ್ತಿದ್ದಾಗ ನಮ್ಮ ಕಚೇರಿಯ ಹುಡುಗರೆಲ್ಲ ಕೆಲಸ ಬಿಟ್ಟು ನಿಂತು ನೋಡಿದರು; ಆ ದುರಂತದಲ್ಲಿ 19 ಮಂದಿ ಸತ್ತರು. ಬದಲಾದ ಯಾವ ನಕ್ಷೆಯೂ ಹೊಸ ಲೆಕ್ಕವಿಲ್ಲದೆ ನಮ್ಮ ಕಚೇರಿಯಿಂದ ಹೊರಗೆ ಹೋಗಕೂಡದೆಂಬ ನಿಯಮವನ್ನು ನಾನು ಮೊದಲ ದಿನದಿಂದಲೇ ಇಟ್ಟಿದ್ದೆ. ಅದು ನನ್ನದಲ್ಲ, ಮೇಷ್ಟ್ರದು ಎಂದು ಅಂದು ಅವರಿಗೆಲ್ಲ ಹೇಳಿದೆ.

ಮೇಷ್ಟ್ರ ಶ್ರದ್ಧಾಂಜಲಿ ಸಭೆಯಲ್ಲಿ ಸೇರಿದ್ದ ನಮ್ಮ ತಂಡದವರು ಒಂದು ನಿರ್ಧಾರ ಮಾಡಿದ್ದೇವೆ. ಪ್ರತಿ ಸೆಮಿಸ್ಟರಿನಲ್ಲಿ ನಮ್ಮಲ್ಲೊಬ್ಬರು ತಮ್ಮ ನಿಜವಾದ ನಕ್ಷೆಗಳನ್ನೂ ಲೆಕ್ಕದ ಹಾಳೆಗಳನ್ನೂ ಹೊತ್ತು ಕಾಲೇಜಿಗೆ ಬಂದು, ಅಂತಿಮ ವರ್ಷದ ಮಕ್ಕಳ ಜೊತೆ ಒಂದು ಮಧ್ಯಾಹ್ನ ಕೂರಬೇಕು. ಎಲ್ಲಿ ಸಹಿ ಹಾಕಿದೆವು, ಎಲ್ಲಿ ಹಾಕಲಿಲ್ಲ, ಯಾಕೆ ಎಂಬುದನ್ನು ಅವರೇ ಲೆಕ್ಕ ಮಾಡಿ ನೋಡಬೇಕು. ಅಂಕ, ಪ್ರಮಾಣಪತ್ರ ಏನೂ ಇರುವುದಿಲ್ಲ. ಪ್ರಾಂಶುಪಾಲರು ಒಪ್ಪಿದ್ದಾರೆ. ಮೊದಲ ಸರದಿ ನನ್ನದು. ಆ ಹೆಚ್ಚುವರಿ ಅಂತಸ್ತಿನ ಕಡತದಿಂದ ಮಾಲೀಕರ ಹೆಸರು ತೆಗೆದು, ಮಣ್ಣಿನ ವರದಿ ಸಮೇತ ಇಪ್ಪತ್ತು ಪ್ರತಿ ಮಾಡಿಸಿಟ್ಟಿದ್ದೇನೆ. ವಿದ್ಯಾರ್ಥಿಗಳು ಕ್ಯಾಲ್ಕುಲೇಟರ್ ತಂದರೆ ಸಾಕು.