ಬಾಕಿ ಸಂಬಳದ ಹಿಂದಿದ್ದ ಮೂರು ಹೆಸರು

ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಮೊದಲ ವರ್ಷ. ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್, ಕ್ರೆಡಿಟ್ ಅಂತ ಎರಡು ಕಡೆ ಬರೆದು ಕೂಡುವುದು ತಾಳೆ ಪಟ್ಟಿ; ಎರಡೂ ಮೊತ್ತ ಒಂದೇ ಆಗಬೇಕು. ವರ್ಷದ ಲೆಕ್ಕ ಮುಗಿಸಬೇಕಿದ್ದ ದಿನ ಅದು ತಾಳೆಯಾಗಲೇ ಇಲ್ಲ. ಡೆಬಿಟ್ ಕಡೆ 1,20,000 ಜಾಸ್ತಿ. ಮೂರು ಸಲ ಕೂಡಿದೆ, ಮೂರು ಸಲವೂ ಅಷ್ಟೇ ಬಂತು.

ಲೆಕ್ಕ ನೋಡಿಕೊಳ್ಳುತ್ತಿದ್ದ ಮೇಡಂ ಪಟ್ಟಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ವ್ಯತ್ಯಾಸವನ್ನ ಅರ್ಧ ಮಾಡಿ. ಆ ಮೊತ್ತ ಎಲ್ಲಿದೆ ಹುಡುಕಿ" ಅಂದರು. ಕ್ರೆಡಿಟ್‌ಗೆ ಹೋಗಬೇಕಾದ ಮೊತ್ತ ಡೆಬಿಟ್‌ಗೆ ಬಂದುಬಿಟ್ಟರೆ ಆ ಕಡೆ ಕಡಿಮೆ, ಈ ಕಡೆ ಜಾಸ್ತಿ. ಹಾಗಾಗಿ ವ್ಯತ್ಯಾಸ ಎರಡು ಪಟ್ಟು ಕಾಣುತ್ತದೆ. ಹುಡುಕಿದೆ. 60,000 ಸಿಕ್ಕಿತು. ಕೊಡಬೇಕಾದ ಸಂಬಳ.

"ಡೆಬಿಟ್‌ನಲ್ಲಿ ಯಾಕೆ ಬರೆದ್ರಿ?"

"ಸಂಬಳ ಖರ್ಚು ಅಲ್ವಾ ಮೇಡಂ?"

"ಸಂಬಳ ಖರ್ಚು, ನಿಜ. ಅದನ್ನ ಆಗಲೇ ಡೆಬಿಟ್ ಮಾಡಿದ್ದೀರಿ. ಇದು ಬಾಕಿ. ಯಾರಿಗೆ ಬಾಕಿ?"

ಮೂವರಿಗೆ. ಹೆಸರು ಬರೆಯಿರಿ ಅಂದರು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಒಬ್ಬರಿಗೆ 25,000, ಇನ್ನೊಬ್ಬರಿಗೆ 20,000, ಮತ್ತೊಬ್ಬರಿಗೆ 15,000. ಮೂವರನ್ನೂ ನಾನು ದಿನಾ ನೋಡುತ್ತಿದ್ದೆ. "ಈ ಖಾತೆ ಅಂದ್ರೆ ಇವರೇ. ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆಯೋ ಬದಲು ಒಂದೇ ಹೆಸರಲ್ಲಿ ಇಟ್ಟಿದ್ದೀವಿ. ಕೆಲಸ ಕೊಟ್ಟವರು ಇವರು. ಕೊಟ್ಟವರನ್ನ ಕ್ರೆಡಿಟ್ ಮಾಡಬೇಕು."

ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ವೈಯಕ್ತಿಕ ಖಾತೆಯ, ಅಂದರೆ ವ್ಯಕ್ತಿ ಇಲ್ಲವೇ ಸಂಸ್ಥೆಯ ಖಾತೆಯ, ಈ ನಿಯಮ ನನಗೆ ಬಾಯಿಪಾಠವಾಗಿತ್ತು. ಆದರೆ ಖಾತೆಗೆ ಮನುಷ್ಯರ ಹೆಸರಿದ್ದರೆ ಮಾತ್ರ ಅದು ನೆನಪಾಗುತ್ತಿತ್ತು. ಹೆಸರು ಕಾಣದ ಕಡೆಯೂ ಮನುಷ್ಯರಿರುತ್ತಾರೆ ಅನ್ನೋದು ಹೊಳೆದಿರಲಿಲ್ಲ. ಮುಂಗಡ ಕಟ್ಟಿದ ವಿಮೆಯ ಖಾತೆಯೂ ಹಾಗೇ. ವಿಮೆಯ ಕಂತು ಖರ್ಚು, ಆದರೆ ಮುಂದಿನ ವರ್ಷದ ಪಾಲು ಇನ್ನೂ ಆ ಕಂಪನಿಯ ಕೈಯಲ್ಲಿದೆ. ಪಡೆದದ್ದು ಕಂಪನಿ, ಹಾಗಾಗಿ ಡೆಬಿಟ್.

ಅವತ್ತು ಇನ್ನೊಂದು ಅನುಮಾನವನ್ನೂ ಕೇಳಿಬಿಟ್ಟೆ. ನಗದು ವಾಸ್ತವಿಕ ಖಾತೆ (ಅಂದರೆ ಆಸ್ತಿಯ ಖಾತೆ), ಬ್ಯಾಂಕ್ ಮಾತ್ರ ಯಾಕೆ ವೈಯಕ್ತಿಕ? ಬ್ಯಾಂಕಿಗೆ ಕಟ್ಟಿದ ಹಣ ನಮ್ಮ ಕೈಯಲ್ಲಿಲ್ಲ, ಬ್ಯಾಂಕ್ ನಮಗೆ ಕೊಡಬೇಕಾಗಿದೆ ಅಂದರು. ನಾವು ಡೆಬಿಟ್ ಬರೆದಿದ್ದು ಪಾಸ್‌ಬುಕ್‌ನಲ್ಲಿ ಕ್ರೆಡಿಟ್ ಆಗಿರುವುದೂ ಇದಕ್ಕೇ. ಅವರ ಪುಸ್ತಕದಲ್ಲಿ ಕೊಟ್ಟವರು ನಾವು. ಮಾಲೀಕರ ಬಂಡವಾಳ ಯಾಕೆ ವೈಯಕ್ತಿಕ ಖಾತೆ ಅಂತ ಆಮೇಲೆ ಕೇಳಬೇಕಾಗಿಯೇ ಬರಲಿಲ್ಲ. ವ್ಯಾಪಾರವೇ ಬೇರೆ, ಹಣ ಹಾಕಿದ ಮನುಷ್ಯನೇ ಬೇರೆ.

60,000 ಕ್ರೆಡಿಟ್ ಕಡೆಗೆ ಹೋಯಿತು. ಪಟ್ಟಿ ತಾಳೆಯಾಯಿತು.

ಮುಂದಿನ ತಿಂಗಳು ಬ್ಯಾಂಕಿನಿಂದ ಆ ಮೂವರಿಗೂ ಸಂಬಳ ಹೋಯಿತು. ಪಡೆದವರು ಅವರು, ಕೊಡಬೇಕಾದ ಸಂಬಳ ಡೆಬಿಟ್. ಕೊಟ್ಟಿದ್ದು ಬ್ಯಾಂಕ್, ಅದಕ್ಕೆ ಕ್ರೆಡಿಟ್. ಖಾತೆಯ ಬಾಕಿ ಸೊನ್ನೆಗೆ ಬಂತು. ಪೆನ್ಸಿಲ್‌ನಲ್ಲಿ ಬರೆದಿದ್ದ ಮೂರು ಹೆಸರುಗಳ ಮುಂದೆ ಒಂದೊಂದಾಗಿ ಗುರುತು ಹಾಕಿದೆ.